ನೂಕಿ ನೋಡು

ನವನಗರ, ಸೆಕ್ಟರ್ ಮೂವತ್ತೆರಡು, ಹನ್ನೊಂದರ ಬಿಸಲು.
ಎರಡು ಹಾಸ್ಟೆಲಿಗೆ ಆರುನೂರು ರೊಟ್ಟಿ ಹಾಕಿಬಂದು
ಓಮ್ನಿ ಬೇವಿನ ನೆರಳಾಗ ಟಿಕ್ ಟಿಕ್ ಅಂತ ಆರಾಕ ಹತ್ತಿತ್ತು.

"ಇಂಜಿನ್ ಉಗುರುಬೆಚ್ಚಗ ಇರಲಿ, ಸುಡಬಾರದು,"
ಅಂದ ದಸ್ತಗೀರ ಕಾಕಾ, ಕಂಪೌಂಡಿನ ಆಚಿಂದ.
ಮೂವತ್ತೊಂದು ವರ್ಷ ಡಿಪೋದಾಗ ಬಸ್ಸಿನ ಹೊಟ್ಟಿ ಕೆಳಗ ಮಲಗಿ ಎದ್ದಾಂವ.
ಈಗ ಮೊಣಕಾಲು ಬಗ್ಗೂದಿಲ್ಲ.
ಪ್ಲಾಸ್ಟಿಕ್ ಕುರ್ಚಿ ತಂದು ಕುಂತ.

ಎಣ್ಣಿ ಬದಲಿಸಾಕ ಗ್ಯಾರೇಜಿನಾವ ಕೇಳಿದ ಕೂಲಿ
ನನ್ನ ಒಂದು ದಿನದ ಜೋಳ.
ಅದಕ್ಕ ಜಾಕು ಬಾಡಿಗಿ ತಂದೆ; ಸ್ಟ್ಯಾಂಡು ಎರಡು
ಕಾಕಾನ ಅಟ್ಟದಿಂದ ಇಳಿದವು, ಜೇಡರ ಬಲಿ ಸಮೇತ.

ಗೇರಿನಾಗ ಹಾಕು. ಹ್ಯಾಂಡ್ ಬ್ರೇಕ್ ಜಗ್ಗು, ಇನ್ನೊಂದು ಹಲ್ಲು ಜಗ್ಗು.
ಹಿಂದಿನ ಗಾಲಿಗೆ ಕಲ್ಲು ಕೊಡು, ಹಿಂದೂ ಮುಂದೂ,
ದನ ಕಟ್ಟಿದಂಗ ಅಲ್ಲ,
ಕೂಸಿನ ತೊಟ್ಟಿಲಿಗೆ ಗಂಟು ಹಾಕಿದಂಗ.

ಜಾಕಿನ ತಲಿ ಎಲ್ಲಿ ಕೊಡಬೇಕಂತ ಬೆರಳು ತೋರಿಸಲಿಲ್ಲ ಆತ.
"ಮುಟ್ಟಿ ಹುಡುಕು. ತಗಡು ಬ್ಯಾರೆ, ಎಲುಬು ಬ್ಯಾರೆ."
ಸಿಕ್ಕಿತು, ಬಾಗಿಲ ಕೆಳಗ, ದಪ್ಪ ಅಂಚು.
ಮೊದಲು ಬಲ, ಆಮ್ಯಾಲ ಎಡ.
ಸ್ಟ್ಯಾಂಡಿನ ಹಲ್ಲು ಎಣಿಸಿದೆ, ಆರು ಅತ್ತ, ಆರು ಇತ್ತ.
ಜಾಕು ಮೆಲ್ಲಕ ಸಡಿಲ ಬಿಟ್ಟೆ. ಭಾರ ಕೈ ಬದಲಿಸಿತು.
"ಜಾಕು ಎತ್ತಾಕ ಹುಟ್ಟಿದ್ದು, ಹೊರಾಕ ಅಲ್ಲ.
ಒಳಗಿನ ವಾಷರ್ ಒಂದು ಹರಿದರ ಮುಗೀತು."

ನೈಟಿ ಮ್ಯಾಲ ಅಣ್ಣನ ಹಳೇ ಅಂಗಿ ತೊಟ್ಟು, ಚೀಲ ಹಾಸಿ,
ಇನ್ನೇನು ತಲಿ ಒಳಗ ಇಡಬೇಕು,
"ಏ ರುಕುಮವ್ವಾ, ಹೊರಗ ಬಾ."
ಬಂದೆ.
"ಭುಜ ಕೊಟ್ಟು ನೂಕು."
ಯಾಕ?
"ಬೀಳೂದಿದ್ದರ ಈಗ ಬೀಳಲಿ, ನೀ ಹೊರಗ ಇದ್ದಾಗ."

ನೂಕಿದೆ.
ಟಪ್.

ಬಲಗಡಿ ಸ್ಟ್ಯಾಂಡಿನ ಕೆಳಗ ಪರ್ಸಿ ಕಲ್ಲು ಸೀಳಿತ್ತು.
ಅದರ ಕೆಳಗ ಎರಿ ಮಣ್ಣು, ಮೊನ್ನಿ ಮಳಿ ಕುಡಿದು ಮೆತ್ತಗಾದದ್ದು.
ಗಾಡಿ ಬೀಳಲಿಲ್ಲ. ಒಂದು ಕಾಲು ಬೆರಳಷ್ಟು ಕುಂತಿತು, ಅಷ್ಟ.
ನೆಗೆಣ್ಣಿ ತಂಗೆವ್ವ ಬಾಗಿಲದಾಗ ಸೆರಗು ಕಚ್ಚಿ ನಿಂತಿದ್ಲು.
ಕಾಕಾ ಏನೂ ಅನಲಿಲ್ಲ.
ಬೀಡಿ ಹಚ್ಚಾಕ ಹೋಗಿ ಕಡ್ಡಿ ಮೂರು ಮುರಿದ.

ಮತ್ತ ಎತ್ತಿದೆ. ಹಿತ್ತಲಿಂದ ತೊಲಿ ತುಂಡು ಎರಡು ತಂದೆ,
ಹಳೇ ಬಾಗಲಕೋಟಿ ನೀರಿಗೆ ಹೋಗೂ ಮುಂದ
ಬಿಚ್ಚಿ ತಂದ ಪಡಸಾಲಿ ತೊಲಿ,
ಗೇಣೂವರಿ ಅಗಲ, ನಾಲ್ಕು ಬೆರಳು ದಪ್ಪ.
"ಅತ್ತಿ ಕಾಲದ ತೊಲಿ! ಅದರ ಮ್ಯಾಲ ಗಾಡಿ ನಿಲ್ಲಸ್ತಿ?"
ಮಾಳಗಿ ಹೊತ್ತದ್ದಕ್ಕ ಓಮ್ನಿ ಏನು ಲೆಕ್ಕ ಅಂದೆ.
ನೂಕಿದೆ. ಮರ ಬಾಯಿ ಬಿಡಲಿಲ್ಲ.
ಮತ್ತ ನೂಕಿದೆ. ಬೈಕೋತ ತಂಗೆವ್ವನೂ ಬಂದು ನೂಕಿದ್ಲು.
ಜಾಕನ್ನ ಮಗ್ಗಲಕ್ಕ, ಮುಟ್ಟಿಯೂ ಮುಟ್ಟದಂಗ, ಕಾವಲಿಗೆ ಬಿಟ್ಟೆ.

ಕೆಳಗ ಮಲಗಿದರ ಊರು ಬ್ಯಾರೆ.
ಸೈಲೆನ್ಸರಿಗೆ ಸಿಕ್ಕಿಬಿದ್ದ ಕಬ್ಬಿನ ರವದಿ,
ತಂಗೆವ್ವನ ಕಾಲುಂಗುರ,
ಕಾಕಾನ ಹವಾಯಿ ಚಪ್ಪಲಿ, ಅದರೊಳಗ ನಿಲ್ಲದ ಹೆಬ್ಬೆರಳು.
ಹದಿನೇಳರ ಪಾನಾ ತಿರುವಿದೆ.
ಕಾಕಂಬಿಯಂಥ ಎಣ್ಣಿ ಡಬ್ಬಿಗೆ ಇಳೀತು,
ಮೊದಲು ಹಗ್ಗ, ಆಮ್ಯಾಲ ದಾರ, ಆಮ್ಯಾಲ ಹನಿ.
ಹನಿ ಹನಿಗೂ ಅಳೀತಿದ್ದೆ,
ನನ್ನ ಎದಿಗೂ ಅದರ ಕಬ್ಬಿಣಕ್ಕೂ ಎಷ್ಟು ದೂರ:
ಒಂದು ಗೇಣು.
ಒಂದ ಗೇಣು.

ರಾತ್ರಿ ಹಿಟ್ಟು ನಾದುವಾಗ ತಂಗೆವ್ವ ಬಾಯಿ ತಗದ್ಲು,
ಡಿಪೋದಾಗ ಕಾಕಾನ ಕೈಕೆಳಗ ಹುಡುಗ ಒಬ್ಬ ಇದ್ದ, ಗದಿಗೆಪ್ಪ ಅಂತ,
ಇಟ್ಟಂಗಿ ಮ್ಯಾಲ ನಿಲ್ಲಿಸಿದ ಬಸ್ಸು...
ಮುಂದ ಹೇಳಲಿಲ್ಲ.
ಹಿಟ್ಟಿಗೆ ನೀರು ಹೆಚ್ಚಾಗಿತ್ತು.

ಈಗ ನಸುಕಿನಾಗ ರೊಟ್ಟಿ ಡಬ್ಬಿ ಒಂದರ ಮ್ಯಾಲೊಂದು ಪೇರಿಸಿ
ಹೊರಡೂ ಮುಂಚೆ ಭುಜ ಕೊಟ್ಟು ಒಮ್ಮೆ ನೂಕ್ತೀನಿ.
ತಂಗೆವ್ವ ನಗತಾಳ.
ಕಂಪೌಂಡಿನ ಆಚೆ, ಕತ್ತಲಾಗ,
ಬೀಡಿ ಒಂದು ಕೆಂಪಗ ಆಗಿ ಮತ್ತ ಕಪ್ಪಾಗತದ.